ಸೋಲಿಗೂ ಒಬ್ಬ ಕವಿ ಬೇಕು

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ, ಪುಣೆಯ ವಾಕಡ್‌ನಲ್ಲಿರುವ ನಮ್ಮ ಮನೆಯಲ್ಲಿ, ನಾನು ಸ್ಪೇನಿನ ದೊರೆ ಎರಡನೇ ಫಿಲಿಪ್‌ಗೆ ಸೋತೆ. ಆಟದ ಹೆಸರು ಸಿವಿಲೈಸೇಷನ್ 6. ಫಿಲಿಪ್‌ನನ್ನು ಆಡಿಸುತ್ತಿದ್ದದ್ದು ಕಂಪ್ಯೂಟರು. ನಾನು ಚಂದ್ರಗುಪ್ತ ಮೌರ್ಯ.

ಆಡದವರಿಗೆ ಎರಡು ಮಾತು. ಇದು ಸರದಿಯ ಆಟ. ಚದುರಂಗದ ಹಾಗೆ ನೀವು ನಡೆಸಿ ಮುಗಿಸುವ ತನಕ ಎದುರಾಳಿ ಕಾಯುತ್ತಾನೆ. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟುವುದರಿಂದ ಶುರುವಾಗಿ ಅಂತರಿಕ್ಷದ ತನಕ ಹೋಗಬಹುದು. ಗೆಲ್ಲಲು ಹಲವು ದಾರಿಗಳಿವೆ: ಎಲ್ಲರ ರಾಜಧಾನಿ ಗೆಲ್ಲಬಹುದು, ಮಂಗಳದಲ್ಲಿ ನೆಲೆ ಮಾಡಬಹುದು, ಪ್ರವಾಸಿಗರನ್ನು ಸೆಳೆಯಬಹುದು, ನಿಮ್ಮ ಧರ್ಮವನ್ನು ಎಲ್ಲ ರಾಜ್ಯಗಳಿಗೂ ಹಬ್ಬಿಸಬಹುದು. ನಾನು ಮಂಗಳದ ದಾರಿ ಹಿಡಿದಿದ್ದೆ. ಮೂರು ಭಾಗಗಳಲ್ಲಿ ಎರಡು ಹಾರಿಯಾಗಿತ್ತು, ಮೂರನೆಯದಕ್ಕೆ ನಾಲ್ಕೇ ಸರದಿ ಬಾಕಿ. ಸರದಿ ಮುಗಿಸುವ ಗುಂಡಿ ಒತ್ತಿದೆ. ಪರದೆ ಕಪ್ಪಾಗಿ, ಫಿಲಿಪ್ ಧರ್ಮದ ಮೂಲಕ ಗೆದ್ದಿದ್ದಾನೆ ಎಂಬ ಸುದ್ದಿ ಬಂತು.

ಮೊದಲು ಇದು ಸಾಫ್ಟ್‌ವೇರಿನ ದೋಷ ಅಂದುಕೊಂಡೆ. ಇಪ್ಪತ್ತು ವರ್ಷ ಈ ಕಸುಬಿನಲ್ಲಿದ್ದವನಿಗೆ ಮೊದಲು ಹೊಳೆಯುವುದು ಅದೇ. ಪಕ್ಕದಲ್ಲಿ ಕೂತಿದ್ದ ಹದಿಮೂರರ ಮಗ ಮಾತ್ರ ಬೇರೆ ಹೇಳಿದ: "ಅಪ್ಪಾ, ನೀವು ಸೋತ್ರಿ. ಅದೂ ಪ್ರಿನ್ಸ್‌ನಾಗ."

ಆ ಕೊನೆಯ ಮಾತು ನಾಟಿತು. ಈ ಆಟದಲ್ಲಿ ಎಂಟು ಹಂತದ ಕಷ್ಟಗಳಿವೆ. ಪ್ರಿನ್ಸ್ ನಾಲ್ಕನೆಯದು. ಕಂಪ್ಯೂಟರಿಗೂ ನಿಮಗೂ ಸಮಸಮ. ಎಂಟನೆಯ ಹಂತ ಡೀಟಿಯಲ್ಲಿ ಸೋತವರು ಆಫೀಸಿನ ಚಹಾದ ಹೊತ್ತಿಗೆ ಅದನ್ನು ಎದೆಯುಬ್ಬಿಸಿಯೇ ಹೇಳುತ್ತಾರೆ. ಪ್ರಿನ್ಸ್‌ನಲ್ಲಿ ಸೋತವರು ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು, ಆ ಸೋಲಿನ ಬೆನ್ನು ಹತ್ತಿ ಹೋದಾಗ ಈ ಆಟದ ಒಂದು ಕೊರತೆಯೂ ನನ್ನದೊಂದು ಕೊರತೆಯೂ ಒಂದೇ ಕಡೆ ಸಿಕ್ಕವು ಎಂಬ ಕಾರಣಕ್ಕೆ.

*

ಕಂಪ್ಯೂಟರಿಗೆ ಸೋತವರ ಮೊದಲ ಸಮಜಾಯಿಷಿ, "ಅದು ಮೋಸ ಮಾಡ್ತದೆ". ಇದು ಪೂರ್ತಿ ಸುಳ್ಳಲ್ಲ. ಡೀಟಿ ಹಂತದಲ್ಲಿ ನೀವು ಒಂದು ವಲಸೆ ತಂಡದಿಂದ ಆರಂಭಿಸಿದರೆ ಕಂಪ್ಯೂಟರಿಗೆ ಮೂರು. ಅದರ ಉತ್ಪಾದನೆಗೂ ಚಿನ್ನಕ್ಕೂ ಶೇ. 80 ಹೆಚ್ಚುವರಿ, ವಿಜ್ಞಾನ, ಸಂಸ್ಕೃತಿ, ಶ್ರದ್ಧೆಗಳಿಗೆ ಶೇ. 32. ಆದರೆ ಅದು ಯೋಚಿಸುವ ರೀತಿ ಹೆಚ್ಚುಕಡಿಮೆ ಅದೇ. ಕೋಟೆಯ ಮುಂದೆ ಸೈನ್ಯ ತಂದು ನಿಲ್ಲಿಸಿ, ಏಕೆ ತಂದೆ ಎಂದು ಮರೆತವರ ಹಾಗೆ ವಾಪಸ್ ಕರೆದೊಯ್ಯುವುದು ಅಲ್ಲೂ ತಪ್ಪಿದ್ದಲ್ಲ.

ಇಲ್ಲಿ ಪುಣೆಯಲ್ಲಿ ಚದುರಂಗಕ್ಕೆ 'ಬುದ್ಧಿಬಳ' ಅನ್ನುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ಸೊಸೈಟಿಯ ಗಣೇಶೋತ್ಸವದ ಸ್ಪರ್ಧೆಗಳ ಪಟ್ಟಿಯಲ್ಲಿ ಆ ಹೆಸರು ಓದಿ ಯಾವುದೋ ಹೊಸ ಆಟವೆಂದುಕೊಂಡಿದ್ದೆ. ಒಂದೇ ಆಟವನ್ನು ಮರಾಠಿ ಬುದ್ಧಿಯ ಕಡೆಯಿಂದ ನೋಡಿದರೆ, ನಮ್ಮ 'ಚದುರಂಗ' ಸೈನ್ಯದ ನಾಲ್ಕು ಅಂಗಗಳ ಕಡೆಯಿಂದ ನೋಡುತ್ತದೆ. ಸಿವಿಲೈಸೇಷನ್ 6ರ ಕಷ್ಟದ ಹಂತಗಳನ್ನು ಈ ಎರಡು ಹೆಸರುಗಳಲ್ಲೇ ವಿಮರ್ಶಿಸಬಹುದು. ಹಂತ ಏರಿದಂತೆ ಯಂತ್ರಕ್ಕೆ ಕೊಡುವುದು ಬುದ್ಧಿಬಲವನ್ನಲ್ಲ, ಚತುರಂಗಬಲವನ್ನು. ದಡ್ಡ ದೊರೆಗೆ ಕಣಜ ತುಂಬಿಸಿಕೊಟ್ಟು ಅವನನ್ನು ಚಾಣಾಕ್ಷನೆಂದು ತೋರಿಸುವ ಉಪಾಯ ಅದು.

ಅಸಮಾನತೆಯೇ ತಪ್ಪು ಎನ್ನುತ್ತಿಲ್ಲ. ಮುಧೋಳದ ಹತ್ತಿರದ ನಮ್ಮೂರಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿತ್ತು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ಕೊಲ್ಲಬಹುದು, ಕುರಿಗಳು ಹುಲಿಯನ್ನು ಸುತ್ತುಗಟ್ಟಿ ನಿಲ್ಲಿಸಬಹುದು ಅಷ್ಟೆ. ಇದಕ್ಕಿಂತ ಅಸಮಾನ ಆಟ ಯಾವುದಿದೆ? ಆದರೆ ಅಲ್ಲಿ ಎಲ್ಲವೂ ಕಲ್ಲಿನ ಮೇಲೇ ಇದೆ. ಯಾರ ಕೈಯಲ್ಲಿ ಏನಿದೆ ಎಂದು ದಾರಿಹೋಕನೂ ಎಣಿಸಬಹುದು. ಡೀಟಿಯ ಲೆಕ್ಕವನ್ನು ಆಟಗಾರರು ಫೈಲುಗಳನ್ನು ಬಿಚ್ಚಿ ಹುಡುಕಿಕೊಳ್ಳಬೇಕಾಯಿತು.

ಇಷ್ಟೆಲ್ಲ ಹೇಳಿದರೂ ನನಗೆ ಈ ಸಮಜಾಯಿಷಿ ಒದಗುವುದಿಲ್ಲ. ನಾನು ಸೋತದ್ದು ಪ್ರಿನ್ಸ್‌ನಲ್ಲಿ.

*

ಎರಡನೆಯ ಸಮಜಾಯಿಷಿ ಹೆಚ್ಚು ಸ್ವಾರಸ್ಯದ್ದು: ಯಂತ್ರದೊಳಗೆ ನಮಗೆ ತಿಳಿಯದ ಏನೋ ಇದೆ ಎಂಬುದು. ಈ ಸರಣಿಯ ಬಗ್ಗೆ ಒಂದು ಕಥೆ ವರ್ಷಗಟ್ಟಲೆ ಓಡಾಡಿತು. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆ 1 ಇತ್ತಂತೆ, ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಲ್ಲಿ 2 ಕಳೆದು, ಸೊನ್ನೆಗಿಂತ ಕೆಳಗಿಳಿಯಲಾರದ ಸಂಖ್ಯೆ ಸುತ್ತಿ ಬಂದು 255 ಆಗುತ್ತಿತ್ತಂತೆ, ಹಾಗಾಗಿ ಗಾಂಧಿ ಎಲ್ಲರ ಮೇಲೂ ಅಣುಬಾಂಬ್ ಹಾಕುತ್ತಿದ್ದರಂತೆ. ನಾನೇ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಇದನ್ನು ಪಾಠದ ಉದಾಹರಣೆಯಾಗಿ ಹೇಳಿದ್ದೇನೆ. 2020ರಲ್ಲಿ ಬಂದ ಆತ್ಮಕಥನದಲ್ಲಿ ಸಿಡ್ ಮೈಯರ್ ಅಂಥ ದೋಷ ಇರಲೇ ಇಲ್ಲ ಎಂದು ಬರೆದರು. ಆದರೂ ಕಥೆ ಉಳಿದಿದೆ. ಗಾಂಧಿಯಿಂದ ಬಾಂಬ್ ಹಾಕಿಸಿಕೊಂಡವನಿಗೆ 'ನನ್ನ ರಕ್ಷಣೆ ಸಡಿಲವಿತ್ತು' ಎನ್ನುವುದಕ್ಕಿಂತ '255 ಆಗಿಬಿಟ್ಟಿತ್ತು' ಎನ್ನುವುದು ಸುಲಭ.

ಎದುರಾಳಿಯಲ್ಲಿ ಇಲ್ಲದ್ದನ್ನು ಕಾಣುವುದು ದೊಡ್ಡವರನ್ನೂ ಬಿಟ್ಟಿಲ್ಲ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎದುರಿನ ಎರಡನೇ ಆಟದಲ್ಲಿ ಕ್ಯಾಸ್ಪರೋವ್ ಸೋಲೊಪ್ಪಿಕೊಂಡರು. ಆ ಸ್ಥಿತಿಯಿಂದ ಆಟವನ್ನು ಡ್ರಾ ಮಾಡಿಕೊಳ್ಳಬಹುದಿತ್ತು ಎಂದು ಬಳಿಕ ವಿಶ್ಲೇಷಕರು ತೋರಿಸಿಕೊಟ್ಟರು. ಎದುರಿಗಿರುವ ಯಂತ್ರ ಎಲ್ಲವನ್ನೂ ನೋಡಿರುತ್ತದೆ ಎಂಬ ನಂಬಿಕೆಯೇ ಅವರನ್ನು ಸೋಲಿಸಿತು ಎಂದು ನನ್ನ ಓದು.

ಇನ್ನೊಂದು ಸೋಲು ಇದರ ತಿರುವು. 2006ರ ನವೆಂಬರ್, ಜರ್ಮನಿಯ ಬಾನ್. ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಎದುರಿಗೆ ಡೀಪ್ ಫ್ರಿಟ್ಜ್. ಎರಡನೇ ಆಟದ 34ನೇ ನಡೆಯಲ್ಲಿ ಕ್ರಾಮ್ನಿಕ್ ತಮ್ಮ ರಾಣಿಯನ್ನು ಸಮಾಧಾನವಾಗಿ ಸರಿಸಿಟ್ಟು ಎದ್ದರು. ಮರುನಡೆಗೇ ಶಹಮಾತ್. ಒಂದೇ ನಡೆಯ ಮಾತ್, ಚದುರಂಗ ಕಲಿಯುವ ಮಕ್ಕಳಿಗೆ ಮೊದಲ ವಾರ ಕೊಡುವ ಲೆಕ್ಕ. ಅಲ್ಲಿ ಯಂತ್ರ ಯಾವ ಆಳವನ್ನೂ ಕಾಣಬೇಕಿರಲಿಲ್ಲ. ಮನುಷ್ಯ ನೋಡಲಿಲ್ಲ, ಅಷ್ಟೆ.

ಯಂತ್ರದ ಮುಂದಿನ ನಾಚಿಕೆಗೇಡಿನ ಸೋಲುಗಳೆಲ್ಲ ಈ ಎರಡು ಜಾತಿಯವು ಎಂದು ನನಗನಿಸುತ್ತದೆ. ಒಂದು, ಅದರಲ್ಲಿ ಇಲ್ಲದ್ದನ್ನು ಕಂಡು ಸೋಲುವುದು. ಇನ್ನೊಂದು, ಎದುರಿಗೆ ಇದ್ದದ್ದನ್ನು ಕಾಣದೆ ಸೋಲುವುದು. ನನ್ನದು ಎರಡನೆಯ ಜಾತಿಯೆಂದು ಗೊತ್ತಾಗಲು ಒಂದು ವಾರ ಹಿಡಿಯಿತು.

*

ಹುಲಿ-ಕುರಿಯಲ್ಲಿ ನಾನು ಸೋತಾಗಲೆಲ್ಲ ಅಜ್ಜನದು ಒಂದು ನೇಮವಿತ್ತು. ಸಿಟ್ಟಿನಲ್ಲಿ ಹರಳುಗಳನ್ನು ಬಾಚಲು ಹೋದರೆ ಕೈ ತಡೆಯುತ್ತಿದ್ದ. "ಕಾಯಿ ತಗೀಬ್ಯಾಡೋ. ಹುಲಿ ಎಲ್ಲಿ ಸಿಕ್ಕೊಂತು, ಅದನ್ನ ಮೊದಲ ತೋರ್ಸು." ತೋರಿಸುವ ತನಕ ಮುಂದಿನ ಆಟವಿಲ್ಲ.

ಸಿವಿಲೈಸೇಷನ್ 6ರಲ್ಲಿ ಇಂಥ ಅಜ್ಜನಿಲ್ಲ. ಸೋತವನಿಗೆ ಒಂದು ಸಣ್ಣ ಚಿತ್ರ ತೋರಿಸಿ, ಅಂಕಿಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಂದು ಕಾಲರೇಖೆ ಇದೆ, ನಿಮ್ಮ ರಾಜ್ಯದ ಚರಿತ್ರೆಯನ್ನು ಚಿತ್ರಗಳಲ್ಲಿ ದಾಖಲಿಸುವುದು. ಆ ರಾತ್ರಿ ಅದನ್ನು ತೆರೆದು ನೋಡಿದೆ. ಮೊದಲ ಅದ್ಭುತ ಕಟ್ಟಿದ್ದು, ಮೊದಲ ಹಡಗು ಹೊರಟದ್ದು, ಉಪಗ್ರಹ ಹಾರಿದ್ದು. ಎಲ್ಲವೂ ನನ್ನ ಹೆಗ್ಗಳಿಕೆ. ಸೋಲಿಗೆ ದಾರಿಯಾದ ಒಂದು ಘಳಿಗೆಯೂ ಅದರಲ್ಲಿರಲಿಲ್ಲ. ಹೊಗಳುಭಟರು ಬರೆದ ಶಾಸನದಂತಿತ್ತು.

ಇಲ್ಲಿ ನನಗೆ ನಮ್ಮ ಸೀಮೆಯ ಕವಿ ನೆನಪಾಗುತ್ತಾನೆ. ಸಾವಿರ ವರ್ಷದ ಹಿಂದೆ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಗದಾಯುದ್ಧ ಬರೆದ. ಹೆಸರಿಗೆ ಅದು ಭೀಮನ ವಿಜಯ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಸೋತ ದುರ್ಯೋಧನ. ಕಾರಣ ಸರಳ. ಕವಿ ಅವನನ್ನು ನೇರವಾಗಿ ಕೊನೆಯ ಕಾಳಗಕ್ಕೆ ಕಳಿಸುವುದಿಲ್ಲ. ಸಂಜಯನ ಜೊತೆ ರಣರಂಗದಲ್ಲಿ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲಿಸುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಮುಂದೆಯೂ ನಿಲ್ಲಿಸಿ ಅವನ ಶೌರ್ಯವನ್ನು ಇವನ ಬಾಯಲ್ಲೇ ಹೊಗಳಿಸುತ್ತಾನೆ. ಗೆದ್ದವರ ದೊರೆಗೆ ಬರೆದ ಕಾವ್ಯದಲ್ಲೂ ಸೋತವನಿಗೆ ತನ್ನ ಸೋಲನ್ನು ನೋಡುವ ಸಮಯ ಸಿಕ್ಕಿದೆ. ಅದರಿಂದಲೇ ಅವನು ದೊಡ್ಡವನಾಗಿ ಕಾಣುತ್ತಾನೆ.

ಸಿವಿಲೈಸೇಷನ್ 6 ಕೊಡದಿರುವುದು ಈ ಸಮಯವನ್ನು. ನಗರ, ನದಿ, ಕಾಲುವೆ, ಕಾವಲು ಎಲ್ಲವನ್ನೂ ಇಷ್ಟು ಪ್ರೀತಿಯಿಂದ ಕಟ್ಟಿದ ಆಟ, ಮುಗಿಯುವ ಹೊತ್ತಿಗೆ ಅವಸರದ ಗುಮಾಸ್ತನಾಗುತ್ತದೆ. ಈ ಸರಣಿಯ ಆಟಗಾರರ ನಡುವೆ 'ಇನ್ನೊಂದೇ ಸರದಿ' ಎಂಬ ಮಾತು ಪ್ರಸಿದ್ಧ. ರಾತ್ರಿ ಎರಡಾದರೂ ಏಳಗೊಡದ ಸೆಳೆತ ಅದು. ಅದರ ಮುಖ ಯಾವಾಗಲೂ ಮುಂದಕ್ಕೆ. ಹಿಂದಕ್ಕೆ ಒಂದು ಸರದಿ ನೋಡು ಎಂದು ಈ ಆಟ ಕರೆಯುವುದಿಲ್ಲ.

*

ಹಾಗಾಗಿ ನಾನೇ ಹಿಂದಕ್ಕೆ ನಡೆದೆ. ಮರುದಿನದಿಂದ, ಉಳಿಸಿಟ್ಟಿದ್ದ ಹಳೆಯ ಸೇವ್ ಫೈಲುಗಳನ್ನು ಒಂದೊಂದಾಗಿ ತೆರೆದೆ.

ಮೊದಲ ಸ್ಪ್ಯಾನಿಷ್ ಪ್ರಚಾರಕ ನನ್ನ ಗಡಿ ದಾಟಿದ್ದು 120ರ ಆಸುಪಾಸಿನ ಸರದಿಯಲ್ಲಿ. ನಾನು ತಡೆಯಲಿಲ್ಲ. ತಡೆಯದಿರಲು ಕಾರಣವೂ ಇತ್ತು. ಈ ಆಟದಲ್ಲಿ ಭಾರತಕ್ಕೆ 'ಧರ್ಮ' ಎಂಬ ವಿಶೇಷ ಗುಣ ಕೊಟ್ಟಿದ್ದಾರೆ: ನಗರದಲ್ಲಿ ಎಷ್ಟು ಧರ್ಮದವರಿದ್ದರೆ ಅಷ್ಟೂ ಧರ್ಮಗಳ ಅನುಕೂಲ ಆ ನಗರಕ್ಕೆ ಸಿಗುತ್ತದೆ. ಬರಲಿ ಬಿಡು, ಲಾಭವೇ ತಾನೆ ಅಂದುಕೊಂಡೆ. ದಯವಿಟ್ಟು ಯಾರೂ ಇದನ್ನು ಹೊರಗಿನ ಜಗತ್ತಿನ ಜಗಳಕ್ಕೆ ದೃಷ್ಟಾಂತ ಮಾಡಬೇಡಿ. ಧರ್ಮಪ್ರಚಾರಕರು ಒಬ್ಬರ ಮೇಲೊಬ್ಬರು ಸಿಡಿಲು ಎಸೆದು ವಾದ ಗೆಲ್ಲುವ ಆಟವಿದು. ಬಾಗಿಲು ತೆರೆದದ್ದು ನನ್ನ ತಪ್ಪಲ್ಲ. ಎಣಿಸದೆ ಕೂತದ್ದು ತಪ್ಪು. ಪ್ರತಿಯೊಂದು ರಾಜ್ಯದ ಅರ್ಧಕ್ಕಿಂತ ಹೆಚ್ಚು ನಗರಗಳು ಒಂದು ಧರ್ಮಕ್ಕೆ ಬಂದರೆ ಆ ಧರ್ಮದವನು ಗೆದ್ದ ಹಾಗೆ. ಯಾರು ಎಷ್ಟು ದೂರ ಬಂದಿದ್ದಾರೆ ಎಂದು ತೋರಿಸುವ ಪಟ್ಟಿ ಪರದೆಯ ಮೂಲೆಯಲ್ಲೇ ಇದೆ. ಅದರ ವಿಜ್ಞಾನದ ಪುಟವನ್ನು ದಿನಕ್ಕೆ ಹತ್ತು ಸಲ ತೆರೆದು, ನಾನು ಮುಂದಿರುವುದನ್ನು ನೋಡಿ ಖುಷಿಪಟ್ಟಿದ್ದೆ. ಧರ್ಮದ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಫಿಲಿಪ್ ಏನನ್ನೂ ಬಚ್ಚಿಟ್ಟಿರಲಿಲ್ಲ.

ಹುಲಿ ಎಲ್ಲಿ ಸಿಕ್ಕಿಕೊಂಡಿತೆಂದು ಗೊತ್ತಾಯಿತು. ಆದರೆ ಅಲ್ಲಿಗೆ ಮುಗಿಯಲಿಲ್ಲ.

ಅದಕ್ಕೆ ಆರು ತಿಂಗಳ ಹಿಂದೆ ನಾನು ನಡೆಸುತ್ತಿದ್ದ ಒಂದು ಪ್ರಾಜೆಕ್ಟು ಬಿಡುಗಡೆಯ ರಾತ್ರಿಯೇ ಬಿದ್ದಿತ್ತು. ವಾರವಾರದ ವರದಿಯಲ್ಲಿ ಎಲ್ಲ ಸಾಲುಗಳೂ ಹಸಿರು. ಗ್ರಾಹಕರು ಕೊನೆಗಳಿಗೆಯಲ್ಲಿ ಬೇಡಿಕೆ ಬದಲಿಸಿದರು ಎಂದು ಮೇಲಿನವರಿಗೆ ಬರೆದು ಮುಗಿಸಿದ್ದೆ. ಅವರು ಬದಲಿಸಿದ್ದು ನಿಜ, ಬಿದ್ದದ್ದು ಅದರಿಂದಲ್ಲ. ಸೇವ್ ಫೈಲುಗಳನ್ನು ತೆರೆದ ಆ ವಾರ, ಏಕೋ ಏನೋ, ಹಳೆಯ ಮೇಲ್‌ಗಳನ್ನೂ ತೆರೆದೆ. ತಂಡದ ಒಬ್ಬ ಕಿರಿಯ ಎಂಜಿನಿಯರ್ ಮೂರು ಸಲ ಬರೆದಿದ್ದಳು. ಹಳೆಯ ದತ್ತಾಂಶವನ್ನು ಹೊಸದಕ್ಕೆ ವರ್ಗಾಯಿಸುವ ಭಾಗ ಸಮಯಕ್ಕೆ ಮುಗಿಯುವುದಿಲ್ಲ ಎಂದು, ಒಂದಕ್ಕಿಂತ ಒಂದು ಮೇಲ್ ಚಿಕ್ಕದಾಗುತ್ತ. ಮೂರಕ್ಕೂ ನಾನು ಕೊಟ್ಟ ಉತ್ತರ ಒಂದೇ: "ನೋಡೋಣ". ನೋಡಿರಲಿಲ್ಲ. ಅದು ನನ್ನ ಧರ್ಮದ ಪುಟ.

ಸೋಮವಾರ ಅವಳನ್ನು ಕರೆದು, ಆ ಸೋಲು ನನ್ನದು, ಹಾಗೆಂದು ಈಗ ಬರೆದು ತಿಳಿಸುತ್ತೇನೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ಹೋದ ವಾರ ರಾಜೀನಾಮೆ ಕೊಟ್ಟೀನಿ" ಅಂದಳು. ಬರೆದು ಕಳಿಸಿದೆ. ಅದರಿಂದ ಅವಳಿಗೆ ಏನಾದರೂ ಆಯಿತೋ ಇಲ್ಲವೋ ಹೇಳಲಾರೆ.

*

ಈ ಆಟ ಆಡಬಹುದೇ ಎಂದು ಕೇಳಿದರೆ, ಖಂಡಿತ ಆಡಿ. ಕಟ್ಟುವ ಖುಷಿಗೆ ಇದಕ್ಕೆ ಸಮನಾದವು ಕಡಿಮೆ. ಸೋತರೆ ಮಾತ್ರ ತಕ್ಷಣ ಹೊಸ ಆಟ ಶುರುಮಾಡಬೇಡಿ. ಹತ್ತಿಪ್ಪತ್ತು ಸರದಿಗೊಮ್ಮೆ ಬೇರೆ ಹೆಸರಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ರನ್ನನ ಕೆಲಸವನ್ನು ಇಲ್ಲಿ ನೀವೇ ಮಾಡಿಕೊಳ್ಳಬೇಕು.

ನಾನು ಮತ್ತೆ ಪ್ರಿನ್ಸ್‌ನಲ್ಲೇ ಶುರುಮಾಡಿದ್ದೇನೆ. ಮೊನ್ನೆ 90ನೇ ಸರದಿ. ಮಗ ಹಿಂದಿನಿಂದ ಹಾದುಹೋಗುತ್ತ ಪರದೆ ನೋಡಿ ಕೇಳಿದ: "ಅಪ್ಪಾ, ಆ ಇನ್ನೊಂದು ಪುಟ ತೆಗದು ನೋಡಿದ್ರೇನು?"

ನೋಡಿರಲಿಲ್ಲ. ತೆಗೆದೆ.