ಓದುಗನ ಇಷ್ಟಭಾಷೆ: ಬ್ರೌಸರಿನ ಸಾಕ್ಷ್ಯ ಎಷ್ಟರಮಟ್ಟಿಗೆ ಪ್ರಮಾಣ?

ಅಂತರಜಾಲದ ಪುಟವನ್ನು ತೆರೆಯುವ ಓದುಗನು ತನಗೆ ಯಾವ ಭಾಷೆ ಬೇಕೆಂದು ತಾನಾಗಿ ಹೇಳುವುದಿಲ್ಲ. ಅವನ ಪರವಾಗಿ ಬ್ರೌಸರು ಹೇಳುತ್ತದೆ. ಪುಟವನ್ನು ಬೇಡುವಾಗಲೇ ಅದು ‘ಅಕ್ಸೆಪ್ಟ್-ಲ್ಯಾಂಗ್ವೇಜ್’ ಎಂಬ ಹೆಸರಿನಲ್ಲಿ ಭಾಷೆಗಳ ಪಟ್ಟಿಯೊಂದನ್ನು ಸರ್ವರಿಗೆ ಕಳುಹಿಸುತ್ತದೆ. ಕನ್ನಡಕ್ಕೆ ‘ಕೆಎನ್’, ಇಂಗ್ಲಿಷಿಗೆ ‘ಇಎನ್’ ಎಂಬವು ಸಂಕೇತಗಳು. ಒಂದೊಂದಕ್ಕೂ 0ಯಿಂದ 1ರವರೆಗಿನ ತೂಕವುಂಟು. ತೂಕವನ್ನು ಹೇಳದ ಭಾಷೆಗೆ 1 ಎಂದೇ ಎಣಿಕೆ, 0.8 ಎಂದಿರುವುದು ಅದಕ್ಕಿಂತ ಕೆಳಗಿನದು. ವ್ಯವಸ್ಥೆಯೇನೋ ಸರಳವಾಗಿದೆ. ಆದರೆ ಈ ಪಟ್ಟಿಯನ್ನು ಓದುಗನ ‘ಇಷ್ಟ’ವೆಂದು ಕರೆಯುವುದು ಸಮಂಜಸವೇ ಎಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಬ್ರೌಸರು ಸಾಮಾನ್ಯವಾಗಿ ಯಂತ್ರಕ್ಕೆ ಹೊಂದಿಸಿದ ಭಾಷೆಯನ್ನೇ ಪಟ್ಟಿಯ ಮೊದಲಿಗೆ ಇಡುತ್ತದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೊಂಡ ಫೋನನ್ನು ಮೊದಲ ದಿನ ಇಂಗ್ಲಿಷಿನಲ್ಲಿ ಅಣಿಗೊಳಿಸಿದರೆ, ನಿತ್ಯವೂ ಕನ್ನಡ ಪತ್ರಿಕೆಯನ್ನೇ ಓದುವವನು ಕೂಡ ಸರ್ವರಿನ ಲೆಕ್ಕದಲ್ಲಿ ಇಂಗ್ಲಿಷಿನ ಓದುಗನಾಗುತ್ತಾನೆ. ಇಂಥ ಲೆಕ್ಕವನ್ನು ನಂಬಿ ‘ಕನ್ನಡಕ್ಕೆ ಬೇಡಿಕೆಯಿಲ್ಲ’ ಎಂದು ತೀರ್ಮಾನಿಸಿ ಕನ್ನಡ ಪುಟಗಳನ್ನು ಸಿದ್ಧಪಡಿಸದೆ ಬಿಟ್ಟರೆ, ಕನ್ನಡವನ್ನು ಆರಿಸಿಕೊಳ್ಳಲು ಓದುಗನಿಗೆ ಕಾರಣವೇ ಉಳಿಯದು. ಸಾಧಿಸಬೇಕಾದುದನ್ನೇ ಸಿದ್ಧವೆಂದು ಭಾವಿಸುವ ದೋಷವಿದು.

ಪಟ್ಟಿಯನ್ನು ಬಿಟ್ಟು ಓದುಗನಿರುವ ಊರಿನಿಂದ ಭಾಷೆಯನ್ನು ಊಹಿಸೋಣವೆಂದರೆ ಅದೂ ನಿಲ್ಲದು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಇವುಗಳ ಸುತ್ತ ಬೆಳೆದ ಊರಿನಲ್ಲಿ ಕನ್ನಡದೊಡನೆ ತಮಿಳು, ತೆಲುಗು, ಉರ್ದು ಮನೆಮಾತುಗಳು ನೆಲೆನಿಂತಿವೆ. ಶಿವಮೊಗ್ಗಕ್ಕೆ ಸಮೀಪದ ಮತ್ತೂರಿನಲ್ಲಿ ಸಂಕೇತಿಯು ಮನೆಮಾತು. ಮನೆಮಾತು ಬೇರೆಯಾದ ಮಾತ್ರಕ್ಕೆ ಓದುವ ಭಾಷೆ ಬೇರೆಯೆಂದೂ ಹೇಳಲಾಗದು. ಅಷ್ಟೇಕೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ರಸಾಯನಶಾಸ್ತ್ರವನ್ನು ಇಂಗ್ಲಿಷಿನಲ್ಲಿಯೂ ಕಾವ್ಯವನ್ನು ಕನ್ನಡದಲ್ಲಿಯೂ ಓದಬಹುದು. ಇಷ್ಟವು ವ್ಯಕ್ತಿಯನ್ನಲ್ಲದೆ ಪ್ರಯೋಜನವನ್ನೂ ಅವಲಂಬಿಸಿದೆ; ಪ್ರಯೋಜನಭೇದವನ್ನು ಸೂಚಿಸಲು ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಓದುಗನೇ ತನ್ನ ಪಟ್ಟಿಯನ್ನು ಸರಿಯಾಗಿ ತುಂಬಿಕೊಳ್ಳಲಿ ಎಂಬ ಆಕ್ಷೇಪಣೆ ಬರಬಹುದು. ಅದು ಯುಕ್ತವಾದರೂ ಸಾಲದು. ಪಟ್ಟಿ ಪೂರ್ಣವಾದಷ್ಟೂ ಅಪರೂಪವಾಗುತ್ತದೆ. ಅಪರೂಪವಾದಷ್ಟೂ ಅದನ್ನು ಕಳುಹಿಸಿದವನ ಗುರುತು ಹತ್ತುವುದು ಸುಲಭ. 2022ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9110 ಎಂಬ ನಿಯಮಗ್ರಂಥವು ಇಂಥ ಪೂರ್ಣ ಪಟ್ಟಿಯಿಂದ ಓದುಗನ ಖಾಸಗಿತನಕ್ಕೆ ಬಾಧೆಯುಂಟೆಂದು ಎಚ್ಚರಿಸಿದೆ.

ಆದಕಾರಣ ಬ್ರೌಸರಿನ ಪಟ್ಟಿಯನ್ನು ತೀರ್ಪೆಂದು ಭಾವಿಸದೆ ಸಾಕ್ಷ್ಯವೆಂದು ಮಾತ್ರ ಗ್ರಹಿಸಬೇಕು. ಮೊದಲ ಭೇಟಿಯಲ್ಲಿ ಅದರಂತೆ ಪುಟವನ್ನು ತೋರಿಸಬಹುದು. ಆದರೆ ಪ್ರತಿಯೊಂದು ಪುಟದಲ್ಲಿಯೂ ಭಾಷೆಗಳ ಹೆಸರುಗಳು ಅವುಗಳದೇ ಲಿಪಿಯಲ್ಲಿ ಎದ್ದುಕಾಣುವಂತಿರಬೇಕು. ಓದುಗನು ಒಮ್ಮೆ ಆರಿಸಿದುದನ್ನು ನೆನಪಿಟ್ಟು, ಪಟ್ಟಿಗಿಂತ ಅದನ್ನೇ ಮಾನ್ಯಮಾಡಬೇಕು. ಕನ್ನಡದ ಬೇಡಿಕೆಯನ್ನು ಎಣಿಸುವವರೂ ಯಂತ್ರ ಹೇಳಿದುದನ್ನು ಬಿಟ್ಟು, ಕನ್ನಡ ಪುಟವು ಎದುರಿಗಿದ್ದಾಗ ಅದನ್ನು ಆರಿಸಿಕೊಂಡವರನ್ನು ಎಣಿಸತಕ್ಕದ್ದು.