ಅನ್ಯಪಕ್ಷದ ಮತದಾರ ಮತ್ತು ಟಿಕೆಟ್ಟಿನ ತೀರ್ಮಾನ

ಸಾರ್ವತ್ರಿಕ ಚುನಾವಣೆಗೆ ಮುನ್ನ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಮತದಾನದ ಮೂಲಕವೇ ಆರಿಸಿಕೊಳ್ಳುವ ಕ್ರಮಕ್ಕೆ ಪ್ರೈಮರಿ ಎಂದು ಹೆಸರು. ಪಕ್ಷದ ನೋಂದಾಯಿತ ಸದಸ್ಯರಿಗೆ ಮಾತ್ರ ಅದರಲ್ಲಿ ಮತವಿದ್ದರೆ ಅದು ಮುಚ್ಚಿದ ಪ್ರೈಮರಿ. ಕ್ಷೇತ್ರದ ಯಾವ ಮತದಾರನಾದರೂ, ಬೇರೆ ಪಕ್ಷದವನೇ ಆಗಿದ್ದರೂ, ಬಂದು ಮತ ಹಾಕಬಹುದಾದರೆ ಅದು ತೆರೆದ ಪ್ರೈಮರಿ. ಭಾರತದ ಕಾನೂನು ಈ ಎರಡರಲ್ಲಿ ಯಾವುದನ್ನೂ ಅರಿಯದು. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಟಿಕೆಟ್ ಕೊಡುವ ಅಧಿಕಾರ ಯಾರದೆಂದು ತಿಳಿಸುವ ಎ ಫಾರಂ ಮತ್ತು ಆ ಅಧಿಕಾರವುಳ್ಳವರು ಇಂಥವರೇ ಪಕ್ಷದ ಅಭ್ಯರ್ಥಿ ಎಂದು ಸಹಿ ಹಾಕಿ ಕೊಡುವ ಬಿ ಫಾರಂ, ಇವೆರಡೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಸೇರಿದರೆ ಸಾಕು. ಆ ಹೆಸರು ಯಾರನ್ನು ಕೇಳಿ ಬಂತೆಂದು ವಿಚಾರಿಸುವ ಹೊಣೆ ಯಾರ ಮೇಲೂ ಇಲ್ಲ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವವನ್ನು ಕಾನೂನಿನ ಚೌಕಟ್ಟಿಗೆ ತರಬೇಕೆಂದು ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲಿ ಮಾಡಿದ ಶಿಫಾರಸು ಕಡತದಲ್ಲಿಯೇ ಉಳಿದಿದೆ.

ಹೀಗಿರುವಾಗ ಪ್ರೈಮರಿಯನ್ನು ಅನ್ಯಪಕ್ಷದ ಮತದಾರನಿಗೆ ತೆರೆಯಬೇಕೇ ಎಂಬ ಪ್ರಶ್ನೆ ಅಮೆರಿಕದ ಪಠ್ಯಪುಸ್ತಕದಿಂದ ಎರವಲು ತಂದದ್ದೆಂದು ತೋರಬಹುದು. ಆದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಕಳೆದ ಮೂರು ದಶಕಗಳ ರಾಜಕಾರಣವನ್ನು ನೋಡಿದವರಿಗೆ, ಈ ಪ್ರಶ್ನೆ ಇಲ್ಲಿ ಪ್ರೈಮರಿ ಇಲ್ಲದೆಯೇ ಹುಟ್ಟಿಕೊಂಡಿದೆ ಎಂಬುದು ತಿಳಿಯುತ್ತದೆ. ಕಾರಣ ಮೈತ್ರಿ. ಒಂದು ಪಕ್ಷದ ನಾಯಕರು ಆರಿಸಿದ ಅಭ್ಯರ್ಥಿಗೆ ಇನ್ನೊಂದು ಪಕ್ಷದ ಮತದಾರರು ಮತ ಹಾಕಬೇಕಾದ ಸಂದರ್ಭ ಈ ಪ್ರದೇಶದಲ್ಲಿ ಅಪವಾದವಲ್ಲ, ರೂಢಿ.

1989 ಮತ್ತು 1991ರಲ್ಲಿ ಠಾಣೆ ಲೋಕಸಭಾ ಕ್ಷೇತ್ರವನ್ನು ಬಿಜೆಪಿಯ ರಾಮ್ ಕಾಪ್ಸೆ ಗೆದ್ದಿದ್ದರು. 1996ರಲ್ಲಿ ಆ ಕ್ಷೇತ್ರ ಮಿತ್ರಪಕ್ಷವಾದ ಶಿವಸೇನೆಗೆ ಹೋಯಿತು. ಆನಂದ ದಿಘೆಯವರು ಜಿಲ್ಲಾ ಪ್ರಮುಖರಾಗಿದ್ದ ಆ ಕಾಲದಲ್ಲಿ ಪ್ರಕಾಶ ಪರಾಂಜಪೆ ಅಲ್ಲಿಂದ ಗೆದ್ದು, ಮುಂದೆ ಸತತವಾಗಿ ಆರಿಸಿಬಂದರು. ಎರಡು ಬಾರಿ ತನ್ನವನನ್ನು ಗೆಲ್ಲಿಸಿದ್ದ ಬಿಜೆಪಿ ಮತದಾರನಿಗೆ ಈ ಹಸ್ತಾಂತರದಲ್ಲಿ ಯಾವ ಮಾತೂ ಇರಲಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಠಾಣೆಯಿಂದ ಕಲ್ಯಾಣ ಬೇರೆಯಾದ ಮೇಲೆಯೂ ಈ ಕ್ರಮ ಮುಂದುವರಿಯಿತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಕಲ್ಯಾಣ ಕ್ಷೇತ್ರದ ಆರು ವಿಧಾನಸಭಾ ಸ್ಥಾನಗಳ ಪೈಕಿ ಉಲ್ಲಾಸನಗರ, ಕಲ್ಯಾಣ ಪೂರ್ವ, ಡೊಂಬಿವಲಿ, ಈ ಮೂರು 2019ರಲ್ಲಿ ಬಿಜೆಪಿ ಗೆದ್ದವು. ಶಿವಸೇನೆ ಗೆದ್ದದ್ದು ಅಂಬರನಾಥ ಒಂದನ್ನೇ. ಆದರೂ ಲೋಕಸಭೆಯ ಟಿಕೆಟ್ ಶಿವಸೇನೆಯ ಶ್ರೀಕಾಂತ ಶಿಂದೆಯವರಿಗೆ ಹೋಯಿತು, ಮತ್ತು ಅದನ್ನು ಏಪ್ರಿಲ್ 6ರಂದು ನಾಗಪುರದಲ್ಲಿ ಸಾರಿದವರು ಬಿಜೆಪಿಯ ದೇವೇಂದ್ರ ಫಡಣವೀಸ್. ಕಲ್ಯಾಣದ ಬಿಜೆಪಿ ಕಾರ್ಯಕರ್ತರಲ್ಲಿ ಹಲವರು ಶಿಂದೆಯವರ ಪರ ದುಡಿಯಲು ಒಪ್ಪದಿದ್ದ ದಿನಗಳವು. ಠಾಣೆಯ ಕತೆಯೂ ಬೇರೆಯಲ್ಲ: ಠಾಣೆ ನಗರ, ಐರೋಲಿ, ಬೇಲಾಪುರ ಬಿಜೆಪಿಯ ಕೈಯಲ್ಲಿದ್ದವು, ನವಿಮುಂಬಯಿಯ ಬಿಜೆಪಿ ನಾಯಕ ಗಣೇಶ ನಾಯಿಕರ ಮಗ ಸಂಜೀವ ನಾಯಿಕರಿಗಾಗಿ ಆ ಪಕ್ಷ ಕ್ಷೇತ್ರವನ್ನು ಕೇಳುತ್ತಿತ್ತು, ಕೊನೆಗೆ ನಾಮಪತ್ರದ ಗಡುವಿಗೆ ಎರಡು ದಿನವಿರುವಾಗ, ಮೇ 1ರಂದು, ಶಿವಸೇನೆಯ ನರೇಶ ಮ್ಹಸ್ಕೆಯವರ ಹೆಸರು ಹೊರಬಿತ್ತು, ನವಿಮುಂಬಯಿಯ ಬಿಜೆಪಿ ಪದಾಧಿಕಾರಿಗಳು ರಾಜೀನಾಮೆಯ ದಾರಿ ಹಿಡಿದರು.

ಶಿಂದೆ, ಮ್ಹಸ್ಕೆ ಇಬ್ಬರೂ ಎರಡು ಲಕ್ಷಕ್ಕೂ ಮೀರಿದ ಅಂತರದಲ್ಲಿ ಗೆದ್ದರು. ಆಯ್ಕೆಯ ಕ್ರಮ ಸರಿಯಾಗಿಯೇ ಇತ್ತೆನ್ನಲು ಈ ಅಂತರವನ್ನು ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ, ಏಕೆಂದರೆ ದೇಶದ ಪ್ರಧಾನಿ ಯಾರಾಗಬೇಕೆಂಬ ಪ್ರಶ್ನೆಯ ಮೇಲೆ ನಡೆದ ಚುನಾವಣೆಯಲ್ಲಿ ಮಿತ್ರಪಕ್ಷದ ಮತದಾರ ಅಭ್ಯರ್ಥಿಯನ್ನು ನುಂಗಿಕೊಂಡನೆಂದರೆ ಒಪ್ಪಿಕೊಂಡನೆಂದು ಅರ್ಥವಲ್ಲ. ಅದೇ ವರ್ಷದ ನವೆಂಬರಿನ ವಿಧಾನಸಭಾ ಚುನಾವಣೆ ಇದನ್ನು ತೋರಿಸಿಕೊಟ್ಟಿತು. ಬೇಲಾಪುರದಲ್ಲಿ ಟಿಕೆಟ್ ಸಿಗದ ಬಿಜೆಪಿ ಜಿಲ್ಲಾಧ್ಯಕ್ಷ ಸಂದೀಪ ನಾಯಿಕ್ ಶರದ್ ಪವಾರರ ರಾಷ್ಟ್ರವಾದಿ ಕಾಂಗ್ರೆಸ್ ಸೇರಿ ಸ್ಪರ್ಧಿಸಿದರು, ಶಿವಸೇನೆಯ ವಿಜಯ ನಾಹಟಾ ಪಕ್ಷೇತರರಾಗಿ ನಿಂತರು, ಬಿಜೆಪಿಯ ಮಂದಾ ಮ್ಹಾತ್ರೆ ಗೆದ್ದದ್ದು ಕೇವಲ 377 ಮತಗಳಿಂದ. ಪಕ್ಕದ ಐರೋಲಿಯಲ್ಲಿಯೂ ಶಿವಸೇನೆಯ ಬಂಡಾಯ ಅಭ್ಯರ್ಥಿ ಇದ್ದರು. ಒಳಗೆ ನಡೆಯಬೇಕಾದ ಪ್ರೈಮರಿ ಇಲ್ಲದಿದ್ದಲ್ಲಿ ಅದು ಬಂಡಾಯದ ರೂಪದಲ್ಲಿ ಸಾರ್ವತ್ರಿಕ ಚುನಾವಣೆಯ ಮತಪತ್ರದ ಮೇಲೆಯೇ ನಡೆಯುತ್ತದೆ.

ಪ್ರೈಮರಿ ನಡೆಸಿದ್ದರೆ ಇದೆಲ್ಲ ಸರಿಹೋಗುತ್ತಿತ್ತೇ ಎಂಬುದಕ್ಕೆ ಭಾರತದ ಪ್ರಯೋಗಗಳು ಅಷ್ಟೇನೂ ಭರವಸೆಯ ಉತ್ತರ ಕೊಡುವುದಿಲ್ಲ. 2014ರಲ್ಲಿ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಸುಮಾರು ಹದಿನೈದು ಲೋಕಸಭಾ ಕ್ಷೇತ್ರಗಳಲ್ಲಿ ಮುಚ್ಚಿದ ಪ್ರೈಮರಿ ನಡೆಸಿತು. ಮಹಾರಾಷ್ಟ್ರದ ಲಾತೂರು ಅದರಲ್ಲಿತ್ತು, ಠಾಣೆ ಜಿಲ್ಲೆಯ ಯಾವ ಕ್ಷೇತ್ರವೂ ಇರಲಿಲ್ಲ. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡಗಳು ಆಯ್ಕೆಯಾದವು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳು. ಹೊರಗಿನವರಿರಲಿ, ಸಾಮಾನ್ಯ ಸದಸ್ಯನಿಗೂ ಬಾಗಿಲು ತೆರೆದಿರಲಿಲ್ಲ. ಮಂಗಳೂರಿನಲ್ಲಿ ಹರೀಶ್ ಕುಮಾರರನ್ನು ಸೋಲಿಸಿ ಜನಾರ್ದನ ಪೂಜಾರಿ ಗೆದ್ದರು, ಬಳಿಕ ಸಾರ್ವತ್ರಿಕ ಚುನಾವಣೆಯಲ್ಲಿ ನಳಿನ್ ಕುಮಾರ್ ಕಟೀಲರ ಎದುರು 1.43 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 1991ರಿಂದ ಆ ಕ್ಷೇತ್ರದಲ್ಲಿ ಮತ್ತೆ ಮತ್ತೆ ಸೋತಿದ್ದ ನಾಯಕನನ್ನೇ ಪಕ್ಷದ ಒಳಗಿನವರು ಮತ್ತೊಮ್ಮೆ ಆರಿಸಿದ್ದರು. ಹೊರಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಮುಚ್ಚಿದ ಕೋಣೆಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ವಡೋದರದಲ್ಲಿ ಪ್ರೈಮರಿ ಗೆದ್ದ ನರೇಂದ್ರ ರಾವತ್, ನರೇಂದ್ರ ಮೋದಿಯವರು ಅಲ್ಲಿಂದ ನಿಲ್ಲುತ್ತಾರೆಂದಾದ ಮೇಲೆ ಹಿಂದೆ ಸರಿದು, ಮಧುಸೂದನ ಮಿಸ್ತ್ರಿಯವರಿಗೆ ಜಾಗ ಬಿಟ್ಟರು. ಪ್ರೈಮರಿಯ ತೀರ್ಪು ಕಟ್ಟುನಿಟ್ಟಾದುದಲ್ಲ, ಹೈಕಮಾಂಡಿನ ಅನುಕೂಲಕ್ಕೆ ಒಳಪಟ್ಟದ್ದು ಎಂಬುದು ಅಲ್ಲಿಗೆ ಖಚಿತವಾಯಿತು.

2023ರ ಮಾರ್ಚ್ ಕೊನೆಗೆ ಕರ್ನಾಟಕ ಬಿಜೆಪಿ ಪ್ರತಿ ಕ್ಷೇತ್ರದ ಪದಾಧಿಕಾರಿಗಳಿಂದ ಗುಪ್ತ ಮತ ಪಡೆದದ್ದು ಇನ್ನೂ ವಿಚಿತ್ರವಾದುದು, ಏಕೆಂದರೆ ಅದು ಫಲಿತಾಂಶ ಪ್ರಕಟಿಸದ ಚುನಾವಣೆ. ಮತ ಹಾಕಿದವನಿಗೇ ತನ್ನ ಮತ ಏನಾಯಿತೆಂದು ತಿಳಿಯದು. ರಾಜ್ ಠಾಕ್ರೆಯವರ ಮಹಾರಾಷ್ಟ್ರ ನವನಿರ್ಮಾಣ ಸೇನೆ 2012ರ ಪಾಲಿಕೆ ಚುನಾವಣೆಗಳಿಗೆ ಮುನ್ನ ಆಕಾಂಕ್ಷಿಗಳಿಗೆ ಲಿಖಿತ ಪರೀಕ್ಷೆ ಇಟ್ಟಿತ್ತು. ಅದನ್ನು ಕಂಡು ಆಗ ನಕ್ಕವರೇ ಹೆಚ್ಚು, ಆದರೂ ಪಾಲಿಕೆಯ ಕೆಲಸವೇನೆಂದು ಅಭ್ಯರ್ಥಿಗೆ ಗೊತ್ತಿರಬೇಕೆಂಬ ನಿರೀಕ್ಷೆಯಾದರೂ ಅದರಲ್ಲಿತ್ತು.

ಪೂರ್ತಿ ತೆರೆದ ಪ್ರಯೋಗವೆಂದರೆ ಆಮ್ ಆದ್ಮಿ ಪಕ್ಷದ್ದು. 2022ರ ಜನವರಿಯಲ್ಲಿ ಪಂಜಾಬಿನ ಮುಖ್ಯಮಂತ್ರಿ ಅಭ್ಯರ್ಥಿಯನ್ನು ಸೂಚಿಸಲು ಅದು ಒಂದು ದೂರವಾಣಿ ಸಂಖ್ಯೆಯನ್ನು ಪ್ರಕಟಿಸಿತು; ಕರೆ ಮಾಡುವವನು ಯಾವ ಪಕ್ಷದವನೆಂದು ಕೇಳುವ ವ್ಯವಸ್ಥೆಯೇ ಇರಲಿಲ್ಲ. 21 ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವೆಂದೂ ಶೇ. 93 ಮಂದಿ ಭಗವಂತ ಮಾನ್ ಹೆಸರನ್ನು ಹೇಳಿದರೆಂದೂ ಪಕ್ಷ ಸಾರಿತು. ಎಣಿಕೆಯನ್ನು ಪಕ್ಷವೇ ಮಾಡಿತು, ಪರಿಶೀಲನೆಗೆ ಹೊರಗಿನ ಯಾರೂ ಇರಲಿಲ್ಲ. ಇದನ್ನು ಪ್ರೈಮರಿ ಎನ್ನುವುದಕ್ಕಿಂತ ಪ್ರಚಾರದ ಮೊದಲ ಕಂತು ಎನ್ನುವುದೇ ಸರಿ.

ಹೊರದೇಶಗಳಲ್ಲಿ ತೆರೆದ ಪ್ರೈಮರಿಯ ವಿರುದ್ಧ ಮುಖ್ಯವಾಗಿ ಕೇಳಿಬರುವ ಆಕ್ಷೇಪವೆಂದರೆ ದಾಳಿಯ ಭಯ, ಎಂದರೆ ಎದುರು ಪಕ್ಷದವರು ಗುಂಪುಗೂಡಿ ಬಂದು ದುರ್ಬಲ ಆಕಾಂಕ್ಷಿಗೆ ಮತ ಹಾಕಿ ಗೆಲ್ಲಿಸಿ, ಮುಂದೆ ಅವನನ್ನು ಸುಲಭವಾಗಿ ಸೋಲಿಸುವ ತಂತ್ರ. 2008ರಲ್ಲಿ ಅಮೆರಿಕದ ರೇಡಿಯೋ ನಿರೂಪಕ ರಶ್ ಲಿಂಬಾ, ಡೆಮಾಕ್ರಟಿಕ್ ಪಕ್ಷದ ಒಳಜಗಳ ಲಂಬಿಸಲೆಂದು ಹಿಲರಿ ಕ್ಲಿಂಟನ್‌ಗೆ ಮತ ಹಾಕುವಂತೆ ರಿಪಬ್ಲಿಕನ್ನರಿಗೆ ಬಹಿರಂಗವಾಗಿ ಕರೆ ಕೊಟ್ಟದ್ದುಂಟು. ಕಾನೂನಿನ ನೆಲೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಎಲ್ಲ ಪಕ್ಷಗಳ ಆಕಾಂಕ್ಷಿಗಳನ್ನೂ ಒಂದೇ ಮತಪತ್ರದಲ್ಲಿಟ್ಟು ಯಾರಿಗಾದರೂ ಮತ ಹಾಕಲು ಬಿಡುವ ಕ್ರಮವನ್ನು ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತದ ಮೂಲಕ ತಂದಾಗ, ಪಕ್ಷದ ಮೇಲೆ ಹೊರಗಿನವರನ್ನು ಹೇರುವುದು ಸಂಘಟನಾ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ರದ್ದುಮಾಡಿತು. ಅದೇ ನ್ಯಾಯಾಲಯ 1986ರ ಕನೆಕ್ಟಿಕಟ್ ಪ್ರಕರಣದಲ್ಲಿ, ಪಕ್ಷ ತಾನೇ ಬಯಸಿ ಪಕ್ಷೇತರ ಮತದಾರರನ್ನು ಕರೆದರೆ ಸರ್ಕಾರ ತಡೆಯಲಾಗದು ಎಂದಿತ್ತು. ಎರಡನ್ನೂ ಜೊತೆಗಿಟ್ಟು ಓದಿದರೆ ಸಿಗುವ ತತ್ತ್ವ ಸರಳ: ಬಾಗಿಲು ತೆರೆಯುವ ಹಕ್ಕು ಮನೆಯವರದು.

ಫ್ರಾನ್ಸಿನ ಸಮಾಜವಾದಿಗಳು 2011ರಲ್ಲಿ ಕಂಡುಕೊಂಡ ನಡುದಾರಿಯಲ್ಲಿ, ಒಂದು ಯೂರೋ ಕೊಟ್ಟು, ಎಡಪಂಥದ ಮೌಲ್ಯಗಳನ್ನು ಒಪ್ಪುತ್ತೇನೆಂಬ ಹೇಳಿಕೆಗೆ ಸಹಿ ಮಾಡಿದ ಯಾವ ಮತದಾರನೂ ಮತ ಹಾಕಬಹುದಿತ್ತು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಬಂದರು, ಆಯ್ಕೆಯಾದ ಫ್ರಾನ್ಸ್ವಾ ಒಲಾಂದ್ ಮರುವರ್ಷ ಅಧ್ಯಕ್ಷರಾದರು. 2017ರಲ್ಲಿ ಇದೇ ದಾರಿಯಲ್ಲಿ ಬಂದ ಬೆನ್ವಾ ಆಮೋನ್ ಶೇ. 7ನ್ನೂ ಮುಟ್ಟಲಿಲ್ಲ ಎಂಬುದನ್ನೂ ಇದರ ಜೊತೆಗೆ ಹೇಳಬೇಕು. ಇಂಗ್ಲೆಂಡಿನ ಟಾಟ್ನೆಸ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಪಕ್ಷ 2009ರಲ್ಲಿ ಎಲ್ಲ ಮತದಾರರಿಗೂ ಅಂಚೆಯಲ್ಲಿ ಮತಪತ್ರ ಕಳಿಸಿ ಸಾರಾ ವೊಲಾಸ್ಟನ್ ಎಂಬ ವೈದ್ಯೆಯನ್ನು ಆರಿಸಿತು. ಆಕೆ 2019ರಲ್ಲಿ ಪಕ್ಷ ತೊರೆದರು. ಎಲ್ಲರ ಮತದಿಂದ ಬಂದವರು ತಾವು ಎಲ್ಲರಿಗೂ ಸೇರಿದವರೆಂದು ಭಾವಿಸುವುದು ಸಹಜವೇ ಆದರೂ, 1985ರಿಂದ ಪಕ್ಷಾಂತರ ನಿಷೇಧ ಕಾನೂನು ಜಾರಿಯಲ್ಲಿರುವ, ವಿಪ್ ಮೀರಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬೇಕಾದ ಭಾರತದಲ್ಲಿ ಅಂಥ ಪ್ರತಿನಿಧಿಯ ಸ್ಥಿತಿ ಇಕ್ಕಟ್ಟಿನದಾದೀತು.

ಈ ವಾದಗಳೆಲ್ಲ ಒಂದು ಗ್ರಹಿಕೆಯ ಮೇಲೆ ನಿಂತಿವೆ: ಮತದಾರ ಯಾವ ಪಕ್ಷದವನೆಂದು ಗುರುತಿಸಬಹುದು ಎಂಬುದು. ಠಾಣೆ ಪ್ರದೇಶದಲ್ಲಿ ಈ ಗ್ರಹಿಕೆಯೇ ಕುಸಿಯುತ್ತದೆ. 2022ರ ಜೂನಿನಲ್ಲಿ ಶಿವಸೇನೆ ಒಡೆಯಿತು, ಮರುವರ್ಷ ಫೆಬ್ರುವರಿಯಲ್ಲಿ ಹೆಸರೂ ಬಿಲ್ಲುಬಾಣದ ಚಿಹ್ನೆಯೂ ಏಕನಾಥ ಶಿಂದೆಯವರ ಬಣಕ್ಕೆ ಹೋದವು. ಅದೇ ಶಾಖೆಯ ಅದೇ ಮತದಾರ ಒಂದು ಆದೇಶದಿಂದ ಅನ್ಯಪಕ್ಷದವನಾದ. ಗಣೇಶ ನಾಯಿಕರು ಶಿವಸೇನೆಯಿಂದ ರಾಷ್ಟ್ರವಾದಿ ಕಾಂಗ್ರೆಸ್ಸಿಗೆ, ಅಲ್ಲಿಂದ 2019ರಲ್ಲಿ ಬಿಜೆಪಿಗೆ ಹೋದಾಗ ನವಿಮುಂಬಯಿಯ ಬಹುಪಾಲು ನಗರಸೇವಕರೂ ಜೊತೆಗೆ ಹೋದರು. 2024ರ ಮೇ ತಿಂಗಳಲ್ಲಿ ಕಲ್ಯಾಣದಲ್ಲಿ ಶ್ರೀಕಾಂತ ಶಿಂದೆಯವರಿಗೆ ಬೆಂಬಲವಾಗಿದ್ದ ನವನಿರ್ಮಾಣ ಸೇನೆ ನವೆಂಬರಿನಲ್ಲಿ ಕಲ್ಯಾಣ ಗ್ರಾಮೀಣದಲ್ಲಿ ಶಿಂದೆ ಸೇನೆಯ ಎದುರಾಳಿಯಾಗಿತ್ತು. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದ ಠಾಣೆ, ಕಲ್ಯಾಣ-ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳಿಗೆ 2026ರ ಜನವರಿ 15ರಂದು ಚುನಾವಣೆ ನಡೆದಾಗ, ಒಂದೇ ವಾರ್ಡಿನಿಂದ ನಾಲ್ವರನ್ನು ಆರಿಸುವ ಪದ್ಧತಿಯಿಂದಾಗಿ, ಒಬ್ಬನೇ ಮತದಾರ ಒಂದೇ ನಿಮಿಷದಲ್ಲಿ ನಾಲ್ಕು ಪಕ್ಷಗಳ ಮತದಾರನಾಗುವುದೂ ಸಾಧ್ಯವಿತ್ತು. ಕಲ್ಯಾಣ-ಡೊಂಬಿವಲಿಯಲ್ಲಿ ಹಲವು ಸ್ಥಾನಗಳು ಮತದಾನಕ್ಕೆ ಮೊದಲೇ ಅವಿರೋಧವಾಗಿ ಇತ್ಯರ್ಥವಾದದ್ದು ಇದಕ್ಕಿಂತ ಗಂಭೀರ. ಅಲ್ಲಿ ಟಿಕೆಟ್ ಹಂಚಿಕೆಯೇ ಚುನಾವಣೆ, ಮತದಾರನಿಗೆ ಅದರಾಚೆ ಏನೂ ಉಳಿಯಲಿಲ್ಲ.

ಮುಚ್ಚಿದ ಪ್ರೈಮರಿಯ ಇನ್ನೊಂದು ತೊಡಕು ವಲಸಿಗರಿಗೆ ಸಂಬಂಧಿಸಿದ್ದು. ಉಡುಪಿ, ಮಂಗಳೂರುಗಳಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಡೊಂಬಿವಲಿ, ಠಾಣೆ, ವಾಶಿ, ನೆರೂಳ್‌ಗಳಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಸಂಘಗಳ ಸದಸ್ಯತ್ವವನ್ನು ತಪ್ಪದೆ ನವೀಕರಿಸುತ್ತಾರೆ, ಆದರೆ ಪಕ್ಷದ ಸದಸ್ಯತ್ವದ ಗೊಡವೆಗೆ ಹೋಗುವವರು ವಿರಳ. ಎಲ್ಲ ಪಕ್ಷಗಳೂ ಅವರ ಮತ ಕೇಳುತ್ತವೆ, ಯಾವ ಪಕ್ಷದ ಒಳಕೋಣೆಯಲ್ಲಿಯೂ ಅವರಿಗೆ ಹೇಳುವಂಥ ಜಾಗವಿಲ್ಲ. ಸದಸ್ಯರಿಗಷ್ಟೇ ಸೀಮಿತವಾದ ಪ್ರೈಮರಿ ಅವರನ್ನು ಈಗಿರುವಲ್ಲಿಯೇ, ಅಂದರೆ ಹೊರಗೆಯೇ, ಇರಿಸುತ್ತದೆ.

ಆದ್ದರಿಂದ ಅನ್ಯಪಕ್ಷದ ಮತದಾರ ಎಂಬ ಒಂದೇ ಮಾತಿನಲ್ಲಿ ಸೇರಿಕೊಂಡಿರುವ ಮೂವರನ್ನು ಬೇರ್ಪಡಿಸದೆ ಈ ಪ್ರಶ್ನೆಗೆ ನ್ಯಾಯವಾದ ಉತ್ತರವಿಲ್ಲ. ಎದುರು ಬಣದ ಸದಸ್ಯನಿಗೆ ಪ್ರೈಮರಿಯಲ್ಲಿ ಹಕ್ಕು ಇರಬಾರದು. ಅವನು ಸೋಲಿಸಲು ಹೊರಟ ಅಭ್ಯರ್ಥಿಯನ್ನು ಅವನೇ ಆರಿಸುವುದರಲ್ಲಿ ಯಾವ ಪ್ರಜಾಪ್ರಭುತ್ವವೂ ಇಲ್ಲ. ಯಾವ ಪಕ್ಷಕ್ಕೂ ಸೇರದವನಿಗೆ, ಮತದಾರರ ಪಟ್ಟಿಯಲ್ಲಿ ಹೆಸರಿದ್ದು ನಿಗದಿತ ದಿನದೊಳಗೆ ತನ್ನ ಒಲವನ್ನು ಬರೆದುಕೊಟ್ಟರೆ, ಅವಕಾಶ ಕೊಡಬಹುದು. ಮಿತ್ರಪಕ್ಷದ ಮತದಾರನ ವಿಷಯ ಇವೆರಡಕ್ಕಿಂತ ಬೇರೆ: ಅವನಿಗೆ ಕೊಡುವುದು ಔದಾರ್ಯವಲ್ಲ, ಅದು ಅವನಿಗೆ ಸಲ್ಲಬೇಕಾದದ್ದು, ಏಕೆಂದರೆ ಅವನ ಪಕ್ಷದ ಚಿಹ್ನೆಯನ್ನೇ ಮತಯಂತ್ರದಿಂದ ತೆಗೆದು ಇನ್ನೊಬ್ಬರ ಚಿಹ್ನೆಗೆ ಮತ ಹಾಕೆಂದು ಅವನಿಗೆ ಹೇಳಲಾಗುತ್ತಿದೆ.

ಇದಕ್ಕೆ ಹಣದ ಆಕ್ಷೇಪವಿದೆ, ಮತ್ತು ಅದು ಹುಸಿಯಲ್ಲ. ಅಭ್ಯರ್ಥಿಯ ವೆಚ್ಚಮಿತಿಯ ಲೆಕ್ಕಕ್ಕೆ ಪ್ರೈಮರಿಯ ಖರ್ಚು ಬಾರದಿದ್ದರೆ ಹಣವುಳ್ಳವನು ಒಂದರ ಬದಲು ಎರಡು ಚುನಾವಣೆಗಳನ್ನು ಕೊಳ್ಳುತ್ತಾನೆ. ಹಣದ ಜೊತೆಗೆ ಕ್ರಮವೂ ಮುಖ್ಯ: ಮತದಾನ ಗುಪ್ತವಾಗಿರಬೇಕು, ಎಣಿಕೆ ಪಕ್ಷದ ಹೊರಗಿನವರಿಂದ ನಡೆಯಬೇಕು, ಅಂಕಿಗಳು ಪ್ರಕಟವಾಗಬೇಕು, ಗೆದ್ದವನಿಗೆ ಬಿ ಫಾರಂ ತಪ್ಪಬಾರದು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಪ್ರೈಮರಿ ತೆರೆದಿದ್ದರೇನು, ಮುಚ್ಚಿದ್ದರೇನು, 2014 ಮತ್ತು 2023ರ ಪ್ರಯೋಗಗಳ ಗತಿಯೇ ಅದಕ್ಕೂ ಆಗುತ್ತದೆ. ಕಾನೂನು ತಿದ್ದುಪಡಿಯಾಗಲಿ ಎಂದು ಪಕ್ಷಗಳು ಕಾಯಬೇಕಾದ ಅಗತ್ಯ ಮಾತ್ರ ಇಲ್ಲ. ಬಿ ಫಾರಂಗೆ ಸಹಿ ಹಾಕುವ ಮುನ್ನ ಯಾರನ್ನು ಕೇಳಬೇಕೆಂಬುದನ್ನು 1968ರ ಆದೇಶ ಪಕ್ಷಕ್ಕೇ ಬಿಟ್ಟಿದೆ. ಠಾಣೆಯಲ್ಲಾಗಲಿ ಕಲ್ಯಾಣದಲ್ಲಾಗಲಿ ಮಿತ್ರಪಕ್ಷದ ಮತದಾರನನ್ನು ಕೇಳಲು ಯಾವ ನಿಯಮವೂ ಇಂದಿಗೂ ಅಡ್ಡಿಯಾಗಿಲ್ಲ.