ಧ್ವನಿಮುದ್ರಿತ ಉಪನ್ಯಾಸವೂ ಬೀರೂರಿನ ಶ್ರೋತೃಗಳೂ

ರೇಡಿಯೋ ಆಂಟೆನಾದ ಮೂಲತತ್ತ್ವಗಳನ್ನು ಕುರಿತ ಭಾಷಣವೊಂದನ್ನು ಚರಿತ್ರೆಯ ಅಧ್ಯಾಪಕನು ವಿಮರ್ಶಿಸಹೊರಡುವುದು ಅಧಿಕಪ್ರಸಂಗವೆಂದು ತೋರಬಹುದು. ಭೌತಶಾಸ್ತ್ರದ ದೃಷ್ಟಿಯಿಂದ ಅದರ ಗುಣದೋಷಗಳನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಆ ಭಾಷಣವನ್ನು ಕೇಳಿದವರು ಏನು ಹೇಳಿದರು, ಏನು ಕೇಳಿದರು, ಅದರಿಂದ ಭಾಷಣದ ವಿಷಯವಾಗಿ ಏನನ್ನು ತಿಳಿಯಬಹುದು ಎಂಬುದಷ್ಟೇ ಪ್ರಸ್ತುತ. ಶಾಸನವನ್ನು ಓದುವವನು ಬರೆಯಿಸಿದವನ ಮಾತನ್ನು ಮಾತ್ರವಲ್ಲದೆ, ಅದು ಯಾರಿಗಾಗಿ ನೆಟ್ಟ ಕಲ್ಲು ಎಂಬುದನ್ನೂ ವಿಚಾರಿಸುತ್ತಾನೆ. ಶ್ರೋತೃಗಳ ಪ್ರಶ್ನೆಗಳೂ ಒಂದು ಬಗೆಯ ಆಧಾರಗಳೇ ಸರಿ.

ಭಾಷಣವು ಕನ್ನಡದಲ್ಲಿದ್ದಿತು, ಮುಕ್ಕಾಲು ಗಂಟೆಗೆ ಮೀರದಷ್ಟು ಉದ್ದದ್ದು. ಬೀರೂರಿನ ಒಂದು ಸಣ್ಣ ಸಭಾಂಗಣದಲ್ಲಿ ಧ್ವನಿವರ್ಧಕದ ಮೂಲಕ ಅದನ್ನು ಕೇಳಿಸಲಾಯಿತು. ವಿದ್ಯಾರ್ಥಿಗಳು, ಅಡಕೆ ತೆಂಗಿನ ತೋಟದವರು, ರೈಲ್ವೆಯಿಂದ ನಿವೃತ್ತರಾದ ಒಬ್ಬಿಬ್ಬರು, ರೇಡಿಯೋ ರಿಪೇರಿಯಲ್ಲಿ ಕೈ ಪಳಗಿದ ಒಬ್ಬರು, ಹಿಂದಿನ ಸಾಲಿನಲ್ಲಿ ಕೆಲವು ಹೆಂಗಸರು—ಇದು ಸಭೆಯ ಸ್ವರೂಪ. ಮುಗಿದೊಡನೆ ಚಪ್ಪಾಳೆಯಾಯಿತು. ಉಪನ್ಯಾಸವು ಸಫಲವಾಯಿತೆಂದು ಅಂದೇ ನಾನು ಒಂದು ವರದಿಯನ್ನೂ ಬರೆದೆನು. ಆ ವರದಿ ತಪ್ಪೆಂಬುದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಮೊದಲು ಭಾಷಣದ ಗುಣಗಳನ್ನು ಹೇಳುವುದು ನ್ಯಾಯ. ತಂತಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಲಾಡುವ ವಿದ್ಯುತ್ತು ತನ್ನ ಸುತ್ತ ತರಂಗಗಳನ್ನೆಬ್ಬಿಸುವುದು, ಆ ತರಂಗಗಳು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರುಗಳ ವೇಗದಿಂದ ಹರಿಯುವುದು, ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದ ಉದ್ದವು ದೊರೆಯುವುದು—ಇವನ್ನು ಉಪನ್ಯಾಸಕರು ಕ್ರಮವಾಗಿ, ಅವಸರವಿಲ್ಲದೆ ಹೇಳಿದ್ದಾರೆ. ತರಂಗದ ಅರ್ಧದಷ್ಟು ಉದ್ದದ ಆಂಟೆನಾ ಆ ತರಂಗಕ್ಕೆ ಚೆನ್ನಾಗಿ ಸ್ಪಂದಿಸುತ್ತದೆಂಬುದಕ್ಕೆ ನೂರು ಮೆಗಾಹರ್ಟ್ಸಿನ ಎಫ್. ಎಂ. ಪ್ರಸಾರವನ್ನು ಉದಾಹರಿಸಿದ್ದಾರೆ. ಅಲೆಯ ಉದ್ದ ಮೂರು ಮೀಟರು. ಅದರ ಅರ್ಧ ಒಂದೂವರೆ ಮೀಟರು. ಲೆಕ್ಕ ಸರಳ, ಮಾತು ಸ್ಪಷ್ಟ.

ತೊಡಕು ಆರಂಭವಾದುದೇ ಇಲ್ಲಿಂದ. ತೋಟದವರೊಬ್ಬರು ಎದ್ದು, "ಭದ್ರಾವತಿಯ ಅಲೆಯ ಉದ್ದವೆಷ್ಟು, ಸ್ವಾಮಿ?" ಎಂದು ಕೇಳಿದರು. ಧ್ವನಿಮುದ್ರಣವು ಉತ್ತರ ಕೊಡಲಾರದು. ವಿದ್ಯಾರ್ಥಿಯೊಬ್ಬನು ಲೆಕ್ಕ ಹಾಕಿದನು. ಭದ್ರಾವತಿಯ ಮಧ್ಯಮ ತರಂಗದ ಆವೃತ್ತಿ 675 ಕಿಲೋಹರ್ಟ್ಸ್. ಅಲೆಯ ಉದ್ದ ಸುಮಾರು 444 ಮೀಟರು. ಅದರ ಅರ್ಧ 222 ಮೀಟರು. "ಹಾಗಾದರೆ ನನ್ನ ಟ್ರಾನ್ಸಿಸ್ಟರಿನೊಳಗೆ ಬೆರಳುದ್ದದ ಕಪ್ಪು ಕಡ್ಡಿಯೊಂದೇ ಇದೆಯಲ್ಲ, ಅದಕ್ಕೆ ಭದ್ರಾವತಿ ಹೇಗೆ ಸಿಕ್ಕುತ್ತದೆ?" ಎಂದು ಅವರು ಮತ್ತೆ ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆನು. ಅಜ್ಞಾನದ ಪ್ರಶ್ನೆಯೆಂದು ಭಾವಿಸಿ ವರದಿಯಲ್ಲಿ ಅದನ್ನು ಬಿಟ್ಟುಬಿಟ್ಟೆನು.

ಅನಂತರ ವಿಚಾರಿಸಲಾಗಿ ತಿಳಿದುಬಂದುದೇನೆಂದರೆ, ಅಂದಿನ ಅತ್ಯುತ್ತಮ ಪ್ರಶ್ನೆ ಅದೇ. ಆ ಕಪ್ಪು ಕಡ್ಡಿ ಫೆರೈಟ್ ಎಂಬ ಕಾಂತೀಯ ವಸ್ತುವಿನದು. ಅದರ ಮೇಲೆ ಸುತ್ತಿದ ಸುರುಳಿ ತರಂಗದ ಕಾಂತಭಾಗವನ್ನು ಹಿಡಿಯುತ್ತದೆ. ಬೇಕಾದ ನಿಲಯಕ್ಕೆ ಹೊಂದಿಸುವ ಕೆಲಸ ಕಡ್ಡಿಯ ಉದ್ದದಿಂದ ಆಗತಕ್ಕದ್ದಲ್ಲ. ಸುರುಳಿಗೆ ಜೋಡಿಸಿದ ಕೆಪಾಸಿಟರಿನಿಂದ ಆಗತಕ್ಕದ್ದು. ಅಷ್ಟು ಚಿಕ್ಕದಾದ ಆಂಟೆನಾ ಹಿಡಿಯುವ ಶಕ್ತಿ ತೀರ ಅಲ್ಪವೆಂಬುದು ನಿಜ. ಆದರೆ ಮಧ್ಯಮ ತರಂಗದಲ್ಲಿ ವಾತಾವರಣದ ಗದ್ದಲವೇ ಪ್ರಬಲವಾದುದರಿಂದ, ಚಿಕ್ಕ ಆಂಟೆನಾದಲ್ಲಿ ಧ್ವನಿಯೊಡನೆ ಗದ್ದಲವೂ ತಗ್ಗುತ್ತದೆ. ಎರಡರ ಪ್ರಮಾಣ ಬಹುಮಟ್ಟಿಗೆ ಕೆಡುವುದಿಲ್ಲ. ಉಳಿದುದನ್ನು ರೇಡಿಯೋವಿನೊಳಗಿನ ವರ್ಧಕ ನೋಡಿಕೊಳ್ಳುತ್ತದೆ. ಅರ್ಧ ಅಲೆಯ ನಿಯಮ ಸುಳ್ಳಲ್ಲ. ಅದೊಂದೇ ನಿಯಮವೆಂಬಂತೆ ಹೇಳಿದುದು ಭಾಷಣದ ಲೋಪ. ಆ ಲೋಪವನ್ನು ಕಂಡವರು ವಿದ್ವಾಂಸರಲ್ಲ, ರೇಡಿಯೋವನ್ನು ಬಿಚ್ಚಿ ನೋಡಿದ್ದ ತೋಟಗಾರರು.

ಎರಡನೆಯದು ಪರಿಭಾಷೆಯ ಪ್ರಶ್ನೆ. ಉಪನ್ಯಾಸಕರು ಆಂಟೆನಾಕ್ಕೆ 'ತರಂಗಗ್ರಾಹಿ' ಎಂಬ ಶಬ್ದವನ್ನು ಬಳಸಿದ್ದಾರೆ. ಕಿವಿಗೆ ಇಂಪಾದ ಶಬ್ದ. ಆದರೆ ಹಿಡಿಯುವ ಆಂಟೆನಾವೇ ಬಿಡುವ ಆಂಟೆನಾವೂ ಆಗಬಲ್ಲುದೆಂಬುದು ಈ ಶಾಸ್ತ್ರದ ಮುಖ್ಯ ತತ್ತ್ವಗಳಲ್ಲೊಂದು. 'ಗ್ರಾಹಿ' ಎಂದೊಡನೆ ಅರ್ಧ ಸತ್ಯ ಮರೆಯಾಗುತ್ತದೆ. ಹಲವರು ನಿಲಯದ ಎತ್ತರದ ಗೋಪುರವನ್ನು ಕಂಬವೆಂದೂ, ಆಂಟೆನಾ ಅದರ ತುದಿಯಲ್ಲಿರುವ ಬೇರೆಯ ವಸ್ತುವೆಂದೂ ತಿಳಿದಿದ್ದರು. ಮಧ್ಯಮ ತರಂಗದ ನಿಲಯಗಳಲ್ಲಿ ಸಾಮಾನ್ಯವಾಗಿ ಗೋಪುರವೇ ಆಂಟೆನಾ. ಅದರ ಬುಡದ ಸುತ್ತ ನೆಲದಲ್ಲಿ ತಾಮ್ರದ ತಂತಿಗಳನ್ನು ಹೂಳಿರುತ್ತಾರೆ. ನಿವೃತ್ತ ರೈಲ್ವೆ ನೌಕರರೊಬ್ಬರು ಇದನ್ನು ಕೇಳಿ, ಹಳೆಯ ತಂತಿ ವ್ಯವಸ್ಥೆಯಲ್ಲಿ ಒಂದೇ ತಂತಿಯಿದ್ದು ಹಿಂದಿರುಗುವ ದಾರಿ ಭೂಮಿಯೇ ಆಗಿದ್ದುದನ್ನು ನೆನಪಿಸಿದರು. ಎರಡೂ ಒಂದೇ ಅಲ್ಲವಾದರೂ, ಭೂಮಿಯೂ ಆಂಟೆನಾದ ಒಂದು ಅಂಗವೆಂಬ ಮಾತು ಆ ಹೋಲಿಕೆಯಿಂದ ಸಭೆಗೆ ತಟ್ಟನೆ ಹೊಳೆಯಿತು. ಜನ 'ಏರಿಯಲ್', 'ಅರ್ಥ್' ಎಂದೇ ಆಡಿಕೊಂಡು ಬಂದಿರುವಾಗ, ಹೊಸ ಶಬ್ದವು ಹಳೆಯದಕ್ಕಿಂತ ಹೆಚ್ಚು ತಿಳಿಸುವುದಾದರೆ ಮಾತ್ರ ಅದಕ್ಕೆ ಸ್ಥಾನವುಂಟು.

ಮೂರನೆಯದು ದೃಷ್ಟಾಂತಗಳ ವಿಚಾರ. ಹರ್ಟ್ಸ್, ಮಾರ್ಕೋನಿ ಇವರ ಹೆಸರುಗಳು ಭಾಷಣದಲ್ಲಿವೆ, ಇರತಕ್ಕವೇ. ಆದರೆ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದುದು, 'ಆಕಾಶವಾಣಿ' ಎಂಬ ಆ ನಿಲಯದ ಹೆಸರು ಮುಂದೆ ದೇಶದ ಪ್ರಸಾರ ಸಂಸ್ಥೆಗೇ ಸಂದುದು, ಧಾರವಾಡದಲ್ಲಿ 1950ರಲ್ಲಿ, ಬೆಂಗಳೂರಿನಲ್ಲಿ 1955ರಲ್ಲಿ, ಭದ್ರಾವತಿಯಲ್ಲಿ 1965ರಲ್ಲಿ ನಿಲಯಗಳು ಎದ್ದುದು—ಇವುಗಳಲ್ಲಿ ಒಂದೂ ಇಲ್ಲ. ಇದು ನಾಡಿನ ಅಭಿಮಾನದ ಮಾತಲ್ಲ. ಬೀರೂರಿನವರು ಭದ್ರಾವತಿಯ ಪ್ರಸಾರವನ್ನು ಕೇಳಿ ಬೆಳೆದವರು; ದೃಷ್ಟಾಂತವು ಅವರ ಅನುಭವದಲ್ಲಿಯೇ ಸಿದ್ಧವಾಗಿದ್ದಿತು. ರಿಪೇರಿಯವರು ಹೇಳಿದ ಒಂದು ಸಂಗತಿ ಇದಕ್ಕೆ ಸಾಕ್ಷಿ. ರೇಡಿಯೋ ಪೆಟ್ಟಿಗೆಯನ್ನು ಕಡೂರಿನ ದಿಕ್ಕಿಗೆ ಉದ್ದುದ್ದವಾಗಿ ಇಟ್ಟರೆ ಭದ್ರಾವತಿಯ ಧ್ವನಿ ಕುಗ್ಗುತ್ತದೆ, ಅಡ್ಡಲಾಗಿ ತಿರುಗಿಸಿದರೆ ಏಳುತ್ತದೆ ಎಂದರು. ಬೀರೂರಿಗೆ ಕಡೂರು ಆಗ್ನೇಯದಲ್ಲಿ, ಭದ್ರಾವತಿ ವಾಯವ್ಯದಲ್ಲಿ. ಪೆಟ್ಟಿಗೆಯ ಉದ್ದಕ್ಕೆ ಮಲಗಿರುವ ಫೆರೈಟ್ ಕಡ್ಡಿಯ ತುದಿ ನಿಲಯದ ಕಡೆಗೆ ತಿರುಗಿದಾಗ ಅದು ಹಿಡಿಯುವುದು ಅತ್ಯಲ್ಪ. ಆಂಟೆನಾದ ದಿಕ್ಪ್ರವೃತ್ತಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಚಿತ್ರಪಟ ತೋರಿಸೀತು?

ಈ ದೋಷಗಳಿಗೆಲ್ಲ ಉಪನ್ಯಾಸಕರನ್ನೇ ಹೊಣೆ ಮಾಡುವುದು ಸರಿಯಲ್ಲ. ಎದುರಿಗೆ ಜನರಿಲ್ಲದ ಕೊಠಡಿಯಲ್ಲಿ ಅವರು ಮಾತನಾಡಿದ್ದಾರೆ. ದೋಷವಿರುವುದು, ಮುದ್ರಿಸಿ ಕೇಳಿಸಿದರೆ ಕೆಲಸ ಮುಗಿಯಿತೆಂಬ ನಮ್ಮ ಎಣಿಕೆಯಲ್ಲಿ. 1956ರಲ್ಲಿ ಪುಣೆಯ ಆಕಾಶವಾಣಿಯವರು ಯುನೆಸ್ಕೋ ನೆರವಿನಿಂದ ಮುಂಬಯಿ ರಾಜ್ಯದ 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಏರ್ಪಡಿಸಿದ್ದರು. ಹಳ್ಳಿಗರು ಒಟ್ಟಿಗೆ ಕುಳಿತು ಕೇಳಿ, ಚರ್ಚಿಸಿ, ಸಂದೇಹಗಳನ್ನು ಬರೆದು ಕಳುಹಿಸುತ್ತಿದ್ದರು. ಮುಂದಿನ ಪ್ರಸಾರಗಳಲ್ಲಿ ಅವುಗಳಿಗೆ ಉತ್ತರ ದೊರೆಯುತ್ತಿದ್ದಿತು. ಆ ಪ್ರಯೋಗವನ್ನು ಪಾಲ್ ನೂರಾತ್ ಎಂಬ ಸಮಾಜಶಾಸ್ತ್ರಜ್ಞರು ಪರೀಕ್ಷಿಸಿ ಗ್ರಂಥಸ್ಥ ಮಾಡಿದ್ದಾರೆ. ಅಂದು ಅಂಚೆಯ ಕಾಗದದಿಂದ ಸಾಧ್ಯವಾದುದು ಇಂದು ಇಷ್ಟು ಸಾಧನಗಳಿರುವಾಗ ಅಸಾಧ್ಯವೆನ್ನಲಾಗದು.

ನಮ್ಮಲ್ಲಿ ಅಧ್ಯಾಪಕರ ಕೊರತೆಯನ್ನು ಧ್ವನಿಮುದ್ರಿತ ಪಾಠಗಳಿಂದ ತುಂಬಬಹುದೆಂಬ ಮಾತು ಆಗಾಗ ಕೇಳಿಬರುತ್ತಿದೆ. ಚಪ್ಪಾಳೆಯನ್ನು ಮಾತ್ರ ಎಣಿಸುವ ನನ್ನಂತಹವರ ವರದಿಗಳು ಆ ಮಾತಿಗೆ ಆಧಾರವಾದರೆ ಅನರ್ಥವಾದೀತು. ಆದುದರಿಂದ ಎರಡು ಸೂಚನೆಗಳು: ಭಾಷಣವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆಗಳಿಗೆ ಎಡೆ ಕೊಡಬೇಕು, ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬರೆದು ಉಪನ್ಯಾಸಕರಿಗೆ ಮುಟ್ಟಿಸಬೇಕು. ಉತ್ತರ ಬಾರದೆ ಉಪನ್ಯಾಸವು ಮುಗಿಯಿತೆಂದು ಯಾರೂ ವರದಿ ಬರೆಯಬಾರದು.

ಕೊನೆಯದಾಗಿ ಒಂದು ಸಂಗತಿ. ಹಿಂದಿನ ಸಾಲಿನ ಹೆಂಗಸರು ಸಭೆಯಲ್ಲಿ ಮಾತನಾಡಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಹೊರಗೆ ಬರುವಾಗ ಅವರಲ್ಲಿ ವಯಸ್ಸಾದ ಒಬ್ಬರು, ರೇಡಿಯೋವನ್ನು ಅಡಿಗೆಮನೆಯ ಗೂಡಿನಿಂದ ತೆಗೆದು ಕಬ್ಬಿಣದ ಬೀರುವಿನೊಳಗೆ ಇಟ್ಟ ದಿನ ಅದು ಮೂಕವಾಯಿತೆಂದೂ, ಹೊರಗಿಟ್ಟೊಡನೆ ಮತ್ತೆ ಮಾತನಾಡಿತೆಂದೂ ಪಕ್ಕದವರಿಗೆ ಹೇಳುತ್ತಿದ್ದರು. ಲೋಹದ ಆವರಣವು ತರಂಗವನ್ನು ತಡೆಯುತ್ತದೆಂಬುದನ್ನು ಅಂದು ಪ್ರಯೋಗದಿಂದ ಕಂಡು ಹೇಳಿದವರು ಅವರೊಬ್ಬರೇ. ಅದು ನನ್ನ ವರದಿಯಲ್ಲಿ ಇರಲಿಲ್ಲ, ಇಲ್ಲಿ ಸೇರಿಸಿದ್ದೇನೆ.